ಕೇಬಲ್ ಉದಯನ ಇಂಗ್ಲಿಷ್ ಮಂದಿ

ಆ ದಿನ ಮುಂಜಾನೆ ವಾಡಿಯ ಲಾಡ್ಜಿನ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ ಉದಯಕುಮಾರನ ಕಣ್ಣು ಮತ್ತೆ ಮತ್ತೆ ಆಕಾಶದ ಕಡೆ ಹೋಗುತ್ತಿತ್ತು. ಚಿಂಚೋಳಿಯ ದಿಕ್ಕಿಗೆ ಮೋಡ ಕಟ್ಟಿತ್ತು. ಮೇಲಿನ ಕಡೆ ಮಳೆ ಹಿಡಿದಿದೆ, ಕಾಗಿಣಾ ಹೊಳೆ ಏರುತ್ತಿದೆ ಎಂದು ತಮ್ಮ ಸಾಯಿಕುಮಾರ ಫೋನಿನಲ್ಲಿ ಹೇಳಿದ್ದ. ಇಂಥ ದಿನ ಇಬ್ಬರು ಪರದೇಶದ ಹೆಂಗಸರನ್ನು ಕೂರಿಸಿಕೊಂಡು ಅಷ್ಟು ದೂರ ಹೋಗುವುದು ಸರಿಯೇ ಎಂದು ಅವನು ಒಳಗೊಳಗೇ ಅಳೆಯುತ್ತಿದ್ದ. ಲಾಡ್ಜಿನ ವರಾಂಡದಲ್ಲಿ ವೆಂಡಿ ಮೇಡಂ ಚಹಾದ ಕಪ್ಪನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎದ್ದವರು ಎಡಗೈಯಿಂದ ದವಡೆಯನ್ನು ಒಮ್ಮೆ ಒತ್ತಿಕೊಂಡರು. ಅದು ಅವನ ಕಣ್ಣಿಗೆ ಬಿತ್ತು. ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ.

"ಮೇಡಂ, ಮಳೆ ಜೋರಾಗಬಹುದು. ನಾಳೆ ಹೋಗೋಣವೇ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದ.

"ಮಳೆಯೇ! ಮಳೆ ಅಂದರೆ ನನಗೆ ಪ್ರಾಣ!" ಎಂದು ಡಾರ್ಲೀನ್ ಮೇಡಂ ಎರಡೂ ಕೈ ಮೇಲೆತ್ತಿ ಕೂಗಿದರು.

ವೆಂಡಿ ಮೇಡಂ ತುಟಿಯಂಚಿನಲ್ಲೇ ನಕ್ಕರು. "ನಾನು ಸ್ವಲ್ಪ ದಣಿದಿದ್ದೇನೆ, ಅಷ್ಟೇ. ನನ್ನ ಸಲುವಾಗಿ ಯಾರ ದಿನವೂ ಕೆಡುವುದು ಬೇಡ," ಎಂದರು.

ಉದಯಕುಮಾರ ಕಾರು ಚಾಲು ಮಾಡಿದ. ಇಂಗ್ಲೆಂಡಿನವರು ಹೀಗೆ, ಅಮೆರಿಕದವರು ಹಾಗೆ ಎಂಬುದು ಅವನಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದೆ ಎಂದು ಅವನು ಎಷ್ಟೋ ವರ್ಷಗಳಿಂದ ನಂಬಿಕೊಂಡು ಬಂದಿದ್ದ.

ಆ ನಂಬಿಕೆ ಅವನಿಗೆ ಬಂದದ್ದು ಟೀವಿಯಿಂದ. ದಂಡೋತಿಯಲ್ಲಿ ಹುಟ್ಟಿದ ಅವನ ಮನೆತನದವರು ತಲೆತಲಾಂತರದಿಂದ ಕಾಗಿಣಾ ದಂಡೆಗೇ ಅಂಟಿಕೊಂಡು ಬದುಕಿದವರು. ತಂದೆ ದೇವೀಂದ್ರಪ್ಪ ಪ್ರಾಯದಲ್ಲಿ ಹೊಳೆಗೆ ಬಲೆ ಬೀಸಿದವನು, ಆಮೇಲೆ ತೊಗರಿ ಹೊಲ ಹಿಡಿದವನು. ಮಗ ಪಿಯುಸಿಯಲ್ಲಿ ಬೇರೆಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಫೇಲಾದ. ಊರಿಗೆ ಮುಖ ತೋರಿಸಲು ನಾಚಿಕೊಂಡು ಚಿತ್ತಾಪುರದಲ್ಲಿ ಶಾಕೀರನ ಕೇಬಲ್ ಆಫೀಸಿಗೆ ಸೇರಿಕೊಂಡ. ಕಂಬ ಹತ್ತುವುದು, ಮಾಳಿಗೆಯಿಂದ ಮಾಳಿಗೆಗೆ ವೈರು ಎಳೆಯುವುದು, ಗಾಳಿಗೆ ಲೈನು ಹರಿದ ದಿನ ಮನೆಮನೆಯ ಬೈಗುಳ ತಿನ್ನುವುದು ಅವನ ಕೆಲಸ. ಆಫೀಸಿನ ಹಿಂದಿನ ಕೋಣೆಯಲ್ಲಿ ಗೋಡೆಯ ತುಂಬ ಸಣ್ಣ ಸಣ್ಣ ಟೀವಿಗಳಿದ್ದವು. ಯಾವ ಚಾನೆಲ್ ಬರುತ್ತಿದೆ, ಯಾವುದು ಹೋಗಿದೆ ಎಂದು ನೋಡುತ್ತ ಕೂರುವ ಪಾಳಿ ಬಂದಾಗ ಉಳಿದವರು ಕ್ರಿಕೆಟ್ ಮುಂದೆ ಕೂರುತ್ತಿದ್ದರು. ಉದಯಕುಮಾರ ಕೂರುತ್ತಿದ್ದದ್ದು ಇಂಗ್ಲಿಷ್ ಸಿನಿಮಾದ ಚಾನೆಲ್ಲಿನ ಮುಂದೆ. ಆಡಿದ ಮಾತೆಲ್ಲ ಕೆಳಗೆ ಅಕ್ಷರವಾಗಿ ಬರುತ್ತಿತ್ತು. ನೋಡುತ್ತ, ಓದುತ್ತ, ಯಾರೂ ಇಲ್ಲದಾಗ ಗಟ್ಟಿಯಾಗಿ ಅಂದುಕೊಳ್ಳುತ್ತ, ಕಾಲೇಜು ಕಲಿಸಲಾಗದ ಇಂಗ್ಲಿಷನ್ನು ಆ ಪೆಟ್ಟಿಗೆ ಅವನ ಬಾಯಿಗೆ ಹಾಕಿತು.

ಭಾಷೆಯ ಸಂಗಡ ಮಂದಿಯೂ ಬಂದರು. ಅವನು ಕಂಡ ಇಂಗ್ಲೆಂಡಿನ ಹೆಂಗಸು ಗಂಡ ಸತ್ತ ಸುದ್ದಿ ಕೇಳಿದರೂ ಬಸಿ ಸದ್ದಾಗದಂತೆ ಚಹಾದ ಕಪ್ಪು ಕೆಳಗಿಡುವವಳು. ಅವನು ಕಂಡ ಅಮೆರಿಕದವನು ಬಾಗಿಲು ಒದ್ದುಕೊಂಡೇ ಒಳಗೆ ಬರುವವನು, ಸಿಕ್ಕವರನ್ನು ಅಪ್ಪುವವನು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅಲ್ಲೇ ಕಕ್ಕಿಬಿಡುವವನು. ಚಹಾದಂಗಡಿಯಲ್ಲಿ ಕೂತು ಅವನು ವಿವರಿಸುತ್ತಿದ್ದ: "ನೋಡ್ರಿ, ಇಂಗ್ಲೆಂಡಿನವ್ರಿಗಿ ಎದಿ ಇರಲ್ಲ. ಅಮೆರಿಕಾದವ್ರ ಬಾಯಿಗಿ ಬಾಗಲಾ ಇರಲ್ಲ." ಕೇಳಿದವರು ನಗುತ್ತಿದ್ದರು. 'ಕೇಬಲ್ ಉದಯ' ಎಂಬ ಹೆಸರು ಚಿತ್ತಾಪುರದಿಂದ ಶಹಾಬಾದದವರೆಗೂ ನಡೆಯುತ್ತಿತ್ತು.

ಆಮೇಲೆ ಮನೆಮನೆಯ ಮೇಲೆ ಡಿಶ್ ಬಂತು, ಎಲ್ಲರ ಕೈಗೆ ಮೊಬೈಲ್ ಬಂತು. ಶಾಕೀರ ಆಫೀಸಿಗೆ ಬೀಗ ಹಾಕಿ ಸೀರೆಯಂಗಡಿ ತೆರೆದ. ಉದಯಕುಮಾರ ಹಳೆಯ ಕಾರೊಂದನ್ನು ಕೊಂಡು ವಾಡಿ ಜಂಕ್ಷನ್ನಿನಲ್ಲಿ ಬಾಡಿಗೆಗೆ ನಿಂತ. ರೈಲು ಇಳಿದವರನ್ನು ಸಿಮೆಂಟು ಫ್ಯಾಕ್ಟರಿಗೆ, ಸೇಡಂಗೆ, ಮದುವೆ ಮನೆಗಳಿಗೆ ಒಯ್ದು ಬಿಡುವುದು ಬದುಕಾಯಿತು. ಇಂಗ್ಲಿಷ್ ಬಾಯಲ್ಲೇ ತುಕ್ಕು ಹಿಡಿಯುತ್ತಿದ್ದಾಗ ಒಂದು ದಿನ ಶಾಕೀರನ ಫೋನು ಬಂತು.

"ಉದಯಭಾಯಿ, ಲಾಡ್ಜಿನಾಗ ಇಬ್ಬರು ಗೋರಿ ಹೆಂಗಸ್ರು ಬಂದಾರ. ಒಬ್ಬಾಕಿ ಇಂಗ್ಲೆಂಡ್, ಒಬ್ಬಾಕಿ ಅಮೆರಿಕಾ. ಡ್ರೈವರ್‌ಗ ಇಂಗ್ಲಿಷ್ ಬರಬೇಕಂತ. ನಿನ್ನ ಬಿಟ್ರ ಯಾರದಾರ ಇಲ್ಲಿ?"

ಇಬ್ಬರೂ ಅರವತ್ತು ದಾಟಿದವರು, ಅಕ್ಕತಂಗಿಯರ ಮಕ್ಕಳು. ಅವರ ತಾಯಿಯ ತಂದೆ ಬ್ರಿಟಿಷರ ಕಾಲದಲ್ಲಿ ವಾಡಿಯಲ್ಲಿ ಉಗಿಬಂಡಿಯ ಡ್ರೈವರ್ ಆಗಿದ್ದನಂತೆ. ಅವನ ಒಬ್ಬ ಮಗಳು ಇಂಗ್ಲೆಂಡಿಗೆ ಮದುವೆಯಾಗಿ ಹೋದಳು, ಇನ್ನೊಬ್ಬಳು ಅಮೆರಿಕಕ್ಕೆ. ಅಜ್ಜ ಓಡಾಡಿದ ಊರು, ಕಾಡು, ಹೊಳೆ ನೋಡಿಕೊಂಡು ಹೋಗಬೇಕೆಂಬ ಆಸೆ ಇಬ್ಬರಿಗೂ.

ಮೊದಲನೆಯ ದಿನವೇ ಉದಯಕುಮಾರನಿಗೆ ತಾನು ಇಷ್ಟು ವರ್ಷ ಕಲಿತದ್ದೆಲ್ಲ ಕಣ್ಣೆದುರು ಬಂದು ನಿಂತ ಹಾಗಾಯಿತು. ಡಾರ್ಲೀನ್ ಮೇಡಂ ಕಂಡ ಕೂಡಲೇ ಅವನ ಕೈ ಹಿಡಿದು ಕುಲುಕಿ, ಬೆನ್ನು ತಟ್ಟಿ, ತಮ್ಮ ಮಂಡಿನೋವಿನಿಂದ ಹಿಡಿದು ಮಗಳು ಗಂಡನನ್ನು ಬಿಟ್ಟ ಸೋಡಚೀಟಿಯವರೆಗೆ ಎಲ್ಲ ಹೇಳಿಬಿಟ್ಟರು. ಜೋಳದ ರೊಟ್ಟಿ ಕಂಡರೂ 'ಆಸಮ್', ಗೂಡ್ಸ್ ಗಾಡಿ ಕಂಡರೂ 'ಆಸಮ್', ದಾರಿಗಡ್ಡ ಮಲಗಿದ ಎಮ್ಮೆ ಕಂಡರೂ 'ಆಸಮ್'. ವೆಂಡಿ ಮೇಡಂ ಕಾರಿನ ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಪುಂಡಿಪಲ್ಯ ತಿಂದು 'ನಾಟ್ ಬ್ಯಾಡ್' ಎಂದರು. ಅಜ್ಜ ಕೆಲಸ ಮಾಡಿದ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಡಾರ್ಲೀನ್ ಗಟ್ಟಿಯಾಗಿ ಅತ್ತುಬಿಟ್ಟರು. ವೆಂಡಿ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, "ಇಲ್ಲಿ ಧೂಳು ಸ್ವಲ್ಪ ಹೆಚ್ಚು," ಎಂದರು.

ಅವತ್ತು ಸಂಜೆ ಮನೆಗೆ ಬಂದವನು ಹೆಂಡತಿ ರಾಧಿಕಾಳ ಮುಂದೆ ಇದನ್ನೆಲ್ಲ ಮಾಡಿ ತೋರಿಸಿದ. ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳ ಜೊತೆ ಒದ್ದಾಡಿ ಬಂದಿದ್ದ ಅವಳು ಹಿಟ್ಟು ನಾದುತ್ತಲೇ ಕೇಳಿಸಿಕೊಂಡಳು.

"ಒಂದೇ ಮನಿ ಹೆಣ್ಮಕ್ಕಳು ನೋಡು. ಆದ್ರ ಟೀವಿದಾಗ ಹ್ಯಾಂಗ ತೋರಸ್ತಾರ, ಹಂಗಾ ಅದಾರ. ಒಂದು ಕೂದಲೆಳಿ ಫರಕಿಲ್ಲ," ಎಂದ.

"ಟೀವಿದಾಗ ನಮ್ಮನ್ನ ಹ್ಯಾಂಗ ತೋರಸ್ತಾರ್ರಿ?" ಎಂದಳು ರಾಧಿಕಾ. "ಆ ಧಾರಾವಾಹಿದಾಗ ನಮ್ಮ ಕಡಿಯವ ಒಬ್ಬ ಬರ್ತಾನಲ್ಲ, ಬಂದಾಗೊಮ್ಮೆ ಒದರ್ತಾನ, ನಾಕು ರೊಟ್ಟಿ ಒಂದಾ ತುತ್ತಿಗಿ ನುಂಗ್ತಾನ, ಎಲ್ಲಾರೂ ನಗ್ತಾರ. ನೀವು ಹಂಗ ಅದೀರೇನು?"

"ಅದು ಬ್ಯಾರೆ. ಬೆಂಗಳೂರವ್ರಿಗಿ ನಾವು ಗೊತ್ತಿಲ್ಲ."

"ನಿಮಗ ಲಂಡನ್‌ದವ್ರು ಗೊತ್ತದಾರ?"

ಉದಯಕುಮಾರ ನಕ್ಕು ಮಾತು ಹಾರಿಸಿದ್ದ. ಮರುದಿನವೇ ಈ ಚಿಂಚೋಳಿಯ ಪ್ರಯಾಣ.

ಹೋಗುವಾಗ ದಾರಿ ಚೆನ್ನಾಗಿತ್ತು. ಹೊಲಗಳಲ್ಲಿ ತೊಗರಿ ಮೊಳಕಾಲೆತ್ತರ ಬೆಳೆದು ಮಳೆಗೆ ತೊಳೆದಂತಿತ್ತು. ಮಾತು ತಾನಾಗಿಯೇ ಸಿನಿಮಾದ ಕಡೆ ಹೊರಳಿತು. ತಾನು ಇಂಗ್ಲಿಷ್ ಕಲಿತ ಬಗೆಯನ್ನು ಉದಯಕುಮಾರ ಹೇಳಿದಾಗ ಡಾರ್ಲೀನ್ ಚಪ್ಪಾಳೆ ತಟ್ಟಿದರು.

"ಹಾಗಾದರೆ ನಾವಿಬ್ಬರೂ ನಿನಗೆ ಮೊದಲೇ ಪರಿಚಯ ಅನ್ನು! ನಾವು ಸಿನಿಮಾದ ಹಾಗೇ ಇದ್ದೇವೆಯೇ?"

"ಹೌದು ಮೇಡಂ. ಬಹಳ."

ವೆಂಡಿ ಕಿಟಕಿಯಿಂದ ತಲೆ ಈಚೆ ತಿರುಗಿಸಿದರು. "ಅಮೆರಿಕದ ಸಿನಿಮಾಗಳಲ್ಲಿ ಕೊಲೆಗಾರನಿಗೆ ಯಾವಾಗಲೂ ನನ್ನ ಉಚ್ಚಾರಣೆ ಇರುತ್ತದೆ, ಗಮನಿಸಿದ್ದೀಯಾ?" ಎಂದರು. "ಜಗತ್ತನ್ನು ಸುಡಲು ಹೊರಟವನು ನನ್ನ ಅಣ್ಣನ ಹಾಗೆ ಮಾತಾಡುತ್ತಾನೆ. ನನ್ನ ಅಣ್ಣ ಬಸ್ಸಿನ ಡ್ರೈವರ್."

"ನಿಮ್ಮ ಟೀವಿಯಲ್ಲಿ ನಾವು?" ಎಂದು ಡಾರ್ಲೀನ್ ವೆಂಡಿಯ ಕಡೆ ಹೊರಳಿ ಕೇಳಿದರು. "ದಪ್ಪ ಹೊಟ್ಟೆ, ದೊಡ್ಡ ಕ್ಯಾಮೆರಾ, ಭೂಗೋಳ ಗೊತ್ತಿಲ್ಲದ ಮೂರ್ಖರು! ನಾನು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದ್ದೇನೆ, ಗೊತ್ತಾ?"

ಮೂವರೂ ನಕ್ಕರು. ವೆಂಡಿಯ ನಗು ನಡುವೆಯೇ ನಿಂತಿತು. ಅವರು ಕಣ್ಣು ಮುಚ್ಚಿ ಸೀಟಿಗೆ ತಲೆ ಆನಿಸಿದರು. ಉದಯಕುಮಾರ ಕನ್ನಡಿಯಲ್ಲಿ ನೋಡಿ, ನಿದ್ದೆ ಬಂದಿರಬೇಕು ಎಂದುಕೊಂಡ.

ಚಿಂಚೋಳಿ ದಾಟಿ ಕಾಡಿನ ಅಂಚಿಗೆ ಮುಟ್ಟುವಷ್ಟರಲ್ಲಿ ಮಳೆ ಕವಿದುಕೊಂಡಿತು. ಗುಡ್ಡದ ಮೇಲೆ ಮಂಜು ಇಳಿದು ಏನೂ ಕಾಣಲಿಲ್ಲ. ಧಾಬಾದಲ್ಲಿ ಡಾರ್ಲೀನ್ ಬಿಸಿ ಮಿರ್ಚಿ ಭಜಿಯನ್ನು ಒಂದರ ಮೇಲೊಂದು ತಿಂದರು. ವೆಂಡಿ ಏನನ್ನೂ ಮುಟ್ಟಲಿಲ್ಲ. "ಹೊಟ್ಟೆ ಯಾಕೋ ಸರಿಯಿಲ್ಲ, ನೀವು ತಿನ್ನಿ," ಎಂದರು. ವಾಪಸು ಹೊರಟ ಮೇಲೆ ಡಾರ್ಲೀನ್ ಅವರ ಹೊಟ್ಟೆ ಕೆಟ್ಟಿತು. ಅಯ್ಯೋ ಸತ್ತೆ, ಬೆಂಕಿ ಬಿದ್ದಿದೆ, ಈ ದೇಶದಲ್ಲೇ ನನ್ನನ್ನು ಹೂಳಬೇಕಾಗುತ್ತದೆ ಎಂದು ಹೊಯ್ಕೊಂಡರು. ಉದಯಕುಮಾರ ವೇಗ ಹೆಚ್ಚಿಸಿದ. ಕಾಳಗಿಯಲ್ಲಿ ಕಾರು ನಿಲ್ಲಿಸಿ ಮಳೆಯಲ್ಲೇ ಓಡಿ ಔಷಧಿ ಅಂಗಡಿ ಹುಡುಕಿದ, ಸೋಡಾ ತಂದ, ಲಿಂಬೆಹಣ್ಣು ಹಿಂಡಿ ಕುಡಿಸಿದ, ಗುಳಿಗೆ ನುಂಗಿಸಿ ಅವರು ಸುಧಾರಿಸಿಕೊಳ್ಳುವ ತನಕ ಛತ್ರಿ ಹಿಡಿದು ನಿಂತ. ಅಷ್ಟೂ ಹೊತ್ತು ವೆಂಡಿ ಹಿಂದಿನ ಸೀಟಿನಲ್ಲಿ ತುಟಿ ಬಿಗಿದು ಕೂತಿದ್ದರು.

"ಮೇಡಂ, ನಿಮಗೆ ಏನಾದರೂ ಬೇಕೇ?"

"ಇಲ್ಲ ಇಲ್ಲ. ಅವಸರವಿಲ್ಲ. ಮೈಯಲ್ಲಿ ಸ್ವಲ್ಪ ಏನೋ ವಿಚಿತ್ರ ಅನಿಸುತ್ತಿದೆ. ನೀನು ಡಾರ್ಲೀನಳನ್ನು ನೋಡಿಕೋ."

ಸ್ವಲ್ಪ ವಿಚಿತ್ರ. ಅವನು ಆ ಮಾತನ್ನು ಸ್ವಲ್ಪ ಎಂದೇ ಕೇಳಿಸಿಕೊಂಡ.

ದಂಡೋತಿ ಸೇತುವೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಸೇತುವೆ ಮಾತ್ರ ಇರಲಿಲ್ಲ. ಇದ್ದ ಜಾಗದಲ್ಲಿ ಕೆಂಪು ನೀರು ಹಾಯುತ್ತಿತ್ತು, ಅದರ ನಡುವೆ ಅಲ್ಲಲ್ಲಿ ಕಲ್ಲಿನ ಗೂಟದ ತುದಿ. ಈಚೆ ದಂಡೆಯಲ್ಲಿ ಮಂದಿ ಗುಂಪುಗೂಡಿದ್ದರು. ಅವರ ಕಣ್ಣೆದುರಿಗೇ ಒಂದು ಲಾರಿ ನೀರು ಸೀಳಿಕೊಂಡು ಆಚೆ ದಾಟಿತು. ಗುಂಪಿನಲ್ಲಿ ಯಾರೋ ಸಿಳ್ಳೆ ಹಾಕಿದರು.

ರಾಧಿಕಾಳ ಫೋನು ಬಂತು. "ಹೊಳಿ ದಾಟಬ್ಯಾಡ್ರಿ. ನೀರು ಇನ್ನಾ ಏರಾಕತ್ತಾದಂತ. ಕೇಳಾಕತ್ತೀರಿಲ್ಲೋ?" ಅಷ್ಟರಲ್ಲಿ ಮಾತು ಕಡಿಯಿತು.

ಆಚೆ ದಂಡೆಯಿಂದ ಚಿತ್ತಾಪುರ ಕೂಗಳತೆ, ಅಲ್ಲಿಂದ ವಾಡಿ ಒಂದು ಜಿಗಿತ. ಡಾರ್ಲೀನ್ ಮುಂದೆ ಬಾಗಿ ಅವನ ಭುಜ ಹಿಡಿದರು. "ಲಾರಿ ಹೋಯಿತಲ್ಲ! ನೀನು ಇದೇ ಹೊಳೆಯ ಮಗ ಅಂದೆಯಲ್ಲ! ನಿನ್ನಿಂದ ಆಗುತ್ತದೆ, ಉದಯ!"

ಅವನು ನೋಡಿದ್ದ ಎಷ್ಟೋ ಸಿನಿಮಾಗಳಲ್ಲಿ ಯಾರಾದರೊಬ್ಬರು ಈ ಮಾತು ಹೇಳಿದ ಮೇಲೆ ಗಾಡಿ ದಾಟಿಯೇ ದಾಟುತ್ತಿತ್ತು. ಕೈ ಗೇರಿನ ಮೇಲೆ ಹೋಯಿತು.

"ನಿನಗೆ ಬೇಸರವಿಲ್ಲದಿದ್ದರೆ, ನಾವು ಹೋಗದೆ ಇದ್ದರೇ ವಾಸಿ ಅನಿಸುತ್ತದೆ," ಎಂದು ಹಿಂದಿನಿಂದ ವೆಂಡಿಯ ದನಿ ಬಂತು. ಅಷ್ಟು ಮೆಲ್ಲಗೆ ಹೇಳಿದ್ದು ಅವನಿಗೆ 'ಬೇಡ' ಎಂದು ಕೇಳಿಸಲೇ ಇಲ್ಲ. ಕಾರು ಮುಂದೆ ಉರುಳಿತು. ಚಕ್ರಕ್ಕೆ ನೀರು ತಾಗಿದಾಗ ರೇನ್‌ಕೋಟಿನ ಪೊಲೀಸಿನವನೊಬ್ಬ ಓಡಿ ಬಂದು ಬಾನೆಟ್ ಮೇಲೆ ಲಾಠಿಯಿಂದ ಬಡಿದ.

"ಏ! ಜೀವ ಭಾರ ಆಗ್ಯಾದೇನು? ತಿರುಗಿಸ್ಲೇ!"

ಅವನು ತಿರುಗಿಸಿದ. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದವು. ಈಚೆ ದಂಡೆಯಲ್ಲೇ ತುಸು ಹಿಂದೆ ಅವರ ಹೊಲದ ಮನೆಯಿತ್ತು, ಪರಸಿ ಕಲ್ಲಿನ ಗೋಡೆ, ಪರಸಿಯದೇ ಮಾಳಿಗೆ. ಎಮ್ಮೆಗಳ ಸಲುವಾಗಿ ಅವ್ವ ಸಾಬಮ್ಮ, ತಮ್ಮ ಸಾಯಿಕುಮಾರ ಮಳೆಗಾಲದಲ್ಲಿ ಅಲ್ಲೇ ಇರುತ್ತಿದ್ದರು. ನೀರು ಇಳಿಯುವ ತನಕ ಅಲ್ಲಿ ಕೂತರಾಯಿತು ಎಂದು ಕಾರನ್ನು ಕೆಸರಿನಲ್ಲಿ ಆ ಕಡೆ ಹೊರಳಿಸಿದ.

ಸಾಬಮ್ಮ ಸೆರಗಿನಿಂದ ಹೊರಸಿನ ಮಂಚವನ್ನು ಒರೆಸಿದಳು. "ಬರ್ರಿ, ಕುಂದ್ರಿ. ತೊಯ್ಸಿಕೊಂಡು ಬಂದೀರಿ," ಎಂದು ಅವರಿಗೆ ಕನ್ನಡ ಬರುವುದೋ ಇಲ್ಲವೋ ಎಂದು ಯೋಚಿಸದೆ ಉಪಚಾರ ಮಾಡಿದಳು. ಒಲೆ ಹೊತ್ತಿಸಿ ಚಹಾ ಕಾಸಿ ಸ್ಟೀಲಿನ ಲೋಟದಲ್ಲಿ ಕೊಟ್ಟಳು. ಡಾರ್ಲೀನ್ ಎಮ್ಮೆಯ ಕರುವಿನ ಹತ್ತಿರ ಹೋಗಿ ನಿಂತರು. ವೆಂಡಿ ಹೊರಸಿನ ಮೇಲೆ ಕೂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. "ಲವ್ಲೀ, ಥ್ಯಾಂಕ್ ಯೂ," ಎಂದರು. ಕುಡಿಯಲಿಲ್ಲ.

ಸಾಬಮ್ಮ ಒಲೆಯ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತು ಆ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಉದ್ಯಾ, ಈಕಿ ಏನಂದಳೋ?"

"ಚಹಾ ಭಾಳ ಛಲೋ ಆಗ್ಯಾದ ಅಂದ್ರು."

"ಕುಡದೇ ಇಲ್ಲಲ್ಲೋ. ಈಕಿ ಸುಳ್ಳ ಹೇಳಾಕತ್ತಾಳ."

"ಅವ್ವಾ, ಸುಮ್ಮನಿರು. ಇಂಗ್ಲೆಂಡಿನವ್ರು ಹಂಗೇ ಇರ್ತಾರ."

"ಯಾವ ಇಂಗ್ಲೆಂಡೋ! ನಾನೂ ಹಿಂಗಾ ಹೇಳ್ತೀನಿ. ಚೇಳು ಕಡದಾಗ ಇರುವಿ ಕಡದಾದ ಅಂತ ಹೇಳಿ ನಿಮ್ಮಪ್ಪಗ ಬುತ್ತಿ ಕಟ್ಟಿ ಕಳಿಸಿದ್ದಿಲ್ಲೇನು ನಾನು? ಈಕಿ ಮಾರಿ ನೋಡು. ಹೊರಗ ಇಷ್ಟು ಥಂಡಿ ಬಿಟ್ಟಾದ, ಈಕಿಗಿ ಬೆವರು ಹ್ಯಾಂಗ ಇಳ್ಯಾಕತ್ತಾದ."

ಉದಯಕುಮಾರ ತಿರುಗಿ ನೋಡಿದ. ಇಡೀ ದಿನ ಕನ್ನಡಿಯಲ್ಲಿ ಕಂಡ ಮುಖವನ್ನು ಅವನು ಆಗ ಮೊದಲ ಸಲ ನೋಡಿದ. ಹಣೆಯ ಮೇಲೆ, ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚೇಳು ಕಡಿದ ಆ ದಿನ ಅವನು ಸಣ್ಣವನು. ಅವ್ವ ನಗುನಗುತ್ತಲೇ ಬುತ್ತಿ ಕಟ್ಟಿದ್ದಳು, ಅಪ್ಪ ಹೊಲಕ್ಕೆ ಹೋದ ಮೇಲೆ ಕಂಬ ಹಿಡಿದುಕೊಂಡು ಕುಸಿದಿದ್ದಳು. ಆ ನಗುವೇ ಈಗ ಈ ಪರದೇಶದ ಹೆಂಗಸಿನ ತುಟಿಯ ಮೇಲೆ ಇತ್ತು.

ಅವನು ಹೊರಸಿನ ಮುಂದೆ ಮಂಡಿಯೂರಿ ಕೂತ. "ಮೇಡಂ, ನೋವು ಎಲ್ಲಿದೆ?"

"ಅಂಥದ್ದೇನಿಲ್ಲ..."

"ನನ್ನ ತಾಯಿ ಹೇಳುತ್ತಿದ್ದಾಳೆ, ನೀವು ಅವಳ ಹಾಗೇ ಸುಳ್ಳು ಹೇಳುತ್ತಿದ್ದೀರಂತೆ. ದಯವಿಟ್ಟು ನಿಜ ಹೇಳಿ."

ವೆಂಡಿ ಸಾಬಮ್ಮನ ಕಡೆ ನೋಡಿದರು. ಲೋಟ ವಾಲಿ ಚಹಾ ಅವರ ಬಿಳಿಯ ಅಂಗಿಯ ಮೇಲೆ ಚೆಲ್ಲಿತು. ಕಣ್ಣು ತುಂಬಿ ಬಂತು. "ನಿನ್ನೆ ಸಂಜೆಯಿಂದ," ಎಂದರು. "ಎದೆಯ ಮೇಲೆ ಯಾರೋ ಹತ್ತಿ ಕೂತ ಹಾಗಿದೆ. ದವಡೆ, ಈ ತೋಳು... ಈಗ ತಡೆಯಲು ಆಗುತ್ತಿಲ್ಲ. ನನಗೆ ಬಹಳ ಹೆದರಿಕೆಯಾಗುತ್ತಿದೆ."

ಉದಯಕುಮಾರ ಡಾರ್ಲೀನ್ ಕಡೆ ತಿರುಗಿದ. ಈಗ ಬೊಬ್ಬೆ ಏಳುತ್ತದೆ, ಇಬ್ಬರನ್ನೂ ಹಿಡಿಯಬೇಕಾಗುತ್ತದೆ ಎಂದು ಅವನು ಅಂಜಿದ. ಡಾರ್ಲೀನ್ ಬೊಬ್ಬೆ ಹಾಕಲಿಲ್ಲ. ಕರುವನ್ನು ಬಿಟ್ಟು ನಡೆದು ಬಂದರು, ವೆಂಡಿಯ ನಾಡಿ ಹಿಡಿದು ನೋಡಿದರು, ತಮ್ಮ ಚೀಲದಿಂದ ಆಸ್ಪಿರಿನ್ ಗುಳಿಗೆ ತೆಗೆದು, "ನುಂಗಬೇಡ, ಅಗಿ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಹೊಳೆ ದಾಟದೆ ದೊಡ್ಡ ಆಸ್ಪತ್ರೆ ಎಲ್ಲಿದೆ?"

"ಕಲಬುರಗಿ."

"ಹೊರಡು."

ಸಾಯಿಕುಮಾರ ಅಂಬುಲೆನ್ಸಿಗೆ ಫೋನು ಹಚ್ಚಿ ನೋಡಿದ. ಗಾಡಿ ಹೊಳೆಯ ಆಚೆ ಇತ್ತು, ಕಲಬುರಗಿಯಿಂದ ಬೇರೆ ಗಾಡಿ ಕಳಿಸುತ್ತೇವೆ, ಎದುರಿಗೆ ಬನ್ನಿ ಎಂದರು. ಅಣ್ಣತಮ್ಮಂದಿರು ವೆಂಡಿಯನ್ನು ಹೊರಸಿನ ಸಮೇತ ಎತ್ತಿ ಕಾರಿನ ಹತ್ತಿರ ತಂದರು. ಡಾರ್ಲೀನ್ ಹಿಂದಿನ ಸೀಟಿನಲ್ಲಿ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸಾಯಿಕುಮಾರ ಮುಂದೆ ಹತ್ತಿದ. ಸಾಬಮ್ಮ ತನ್ನ ಕೌದಿಯನ್ನು ಕಿಟಕಿಯಿಂದ ಒಳಗೆ ತುರುಕಿದಳು.

ಊರು ದಾಟಿ ಸ್ವಲ್ಪ ದೂರದಲ್ಲೇ ಒಂದು ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಉದಯಕುಮಾರ ಬ್ರೇಕು ಒತ್ತಿದ. ಈ ಸಲ ದಾಟು ಎಂದು ಯಾರೂ ಹೇಳಲಿಲ್ಲ. ಕನ್ನಡಿಯಲ್ಲಿ ಡಾರ್ಲೀನ್ ಅವನ ಕಣ್ಣನ್ನೇ ನೋಡುತ್ತಿದ್ದರು, ತುಟಿ ಬಿಗಿದಿತ್ತು. ಸಾಯಿಕುಮಾರ ಪ್ಯಾಂಟು ಮಡಚಿ ಕೆಳಗಿಳಿದ.

"ಅಣ್ಣಾ, ನಾ ಮುಂದ ನಡೀತೀನಿ. ನನ್ನ ಮೊಳಕಾಲು ಮುಳುಗಿತಂದ್ರ ನೀ ನಿಂತುಬಿಡು."

ಅವನು ಕಾಲಿನಿಂದ ರಸ್ತೆ ತಡವುತ್ತ ನೀರಿಗಿಳಿದ. ಕಾರಿನ ದೀಪದ ಬೆಳಕಿನಲ್ಲಿ ನೀರು ಅವನ ಮೀನಖಂಡ ಹತ್ತಿತು, ಮೊಳಕಾಲಿನ ಕೆಳಗೆ ಬಂದು ನಿಂತಿತು. ಒಂದು ಕಡೆ ಕಾಲು ಜಾರಿ ಪೂರಾ ವಾಲಿದ. ತಮ್ಮ ಸಾವರಿಸಿಕೊಂಡು ಬಲಕ್ಕೆ ಸರಿ ಎಂದು ಕೈ ಮಾಡಿದ. ಕಾರು ಅವನ ಹಿಂದೆ ಹಿಂದೆ, ಎಂಜಿನ್ನು ಆರಿದರೆ ಮುಗಿಯಿತು ಎಂಬ ಭಯದಲ್ಲಿ ನರಳುತ್ತ ಸಾಗಿತು. ಚಕ್ರ ಒಂದು ಗುಂಡಿಗೆ ಇಳಿದು ಎಲ್ಲರೂ ಕುಲುಕಿ ಬಿದ್ದಾಗ ವೆಂಡಿ ಒಂದು ಬೈಗುಳ ಕೂಗಿದರು. ಎಂಥ ಬೈಗುಳವೆಂದರೆ, ಸಿನಿಮಾ ಚಾನೆಲ್ಲಿನವರು ಆ ಶಬ್ದ ಬಂದಾಗಲೆಲ್ಲ ದನಿ ಅಡಗಿಸಿ ಪೀಂ ಎನಿಸುತ್ತಿದ್ದರು.

"ಕೂಗು, ವೆಂಡಿ, ಇನ್ನೂ ಕೂಗು," ಎಂದು ಡಾರ್ಲೀನ್ ಅವರ ಹಣೆ ಸವರಿದರು. "ನಾನು ಇಲ್ಲೇ ಇದ್ದೇನೆ."

ಹಳ್ಳ ದಾಟಿತು. ಆಮೇಲಿನ ದಾರಿಯಲ್ಲಿ ಉದಯಕುಮಾರನಿಗೆ ನೆನಪಿರುವುದು ವೈಪರಿನ ಸದ್ದು, ಹಿಂದಿನಿಂದ ಕೇಳುವ ಉಸಿರು. ಆ ಉಸಿರು ಒಂದು ಗಳಿಗೆ ಕೇಳದಿದ್ದರೆ ಅವನ ಕಾಲು ತಾನಾಗಿ ಎಕ್ಸಿಲರೇಟರ್ ಒತ್ತುತ್ತಿತ್ತು. ಕಲಬುರಗಿಯ ಹೊರಗೆ ಅಂಬುಲೆನ್ಸ್ ಎದುರಾಯಿತು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿ ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋಗುವಾಗ ವೆಂಡಿ ಅವನ ತೋಳು ಹಿಡಿದವರು ಬಿಡಲೇ ಇಲ್ಲ. ಕಂಪೌಂಡರ್ ಬೆರಳು ಬಿಡಿಸಬೇಕಾಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಕಾದರು. ಹೃದಯದ ದೊಡ್ಡ ರಕ್ತನಾಳವೊಂದು ಮುಚ್ಚಿಹೋಗಿದೆ, ಸ್ಟೆಂಟ್ ಹಾಕಬೇಕು, ಏನನ್ನೂ ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ಹೇಳಿ ಒಳಗೆ ಹೋದರು. ಡಾರ್ಲೀನ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು ಕೂತರು. ಆ ಮೌನ ಉದಯಕುಮಾರನಿಗೆ ಬೊಬ್ಬೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೊನೆಗೆ ಬಾಗಿಲು ತೆರೆದು ಡಾಕ್ಟರು ಹೊರಬಂದು, "ಉಳಿದುಕೊಂಡರು," ಎಂದಾಗ ಅವರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಭುಜ ಮಾತ್ರ ಅಲುಗುತ್ತಿತ್ತು.

ವಾರ್ಡಿಗೆ ತಂದ ಮೇಲೆ ಒಂದು ಮಧ್ಯಾಹ್ನ ಉದಯಕುಮಾರ ತಡೆಯಲಾರದೆ ಕೇಳಿಯೇಬಿಟ್ಟ. "ಡಾರ್ಲೀನ್ ಮೇಡಂ, ಭಜಿ ತಿಂದಾಗ ಅಷ್ಟು ಕೂಗಿದಿರಿ. ಅವತ್ತು ಸಂಜೆ ಒಮ್ಮೆಯೂ ಕೂಗಲಿಲ್ಲ."

"ನಮ್ಮ ಮನೆಯಲ್ಲಿ ಸಣ್ಣದಕ್ಕೆಲ್ಲ ಕೂಗುತ್ತೇವೆ," ಎಂದರು ಅವರು. "ದೊಡ್ಡದು ಬಂದಾಗ ಕೂಗಲು ಪುರುಸೊತ್ತು ಎಲ್ಲಿ? ನನ್ನ ಗಂಡ ಎರಡು ವರ್ಷ ಹಾಸಿಗೆಯಲ್ಲಿದ್ದ. ಅದನ್ನು ನಾನು ನಿನಗೆ ಹೇಳಲಿಲ್ಲ, ಅಲ್ಲವೇ?"

ಹೇಳಿರಲಿಲ್ಲ. ಮೊದಲ ದಿನವೇ ಎಲ್ಲ ಹೇಳಿಬಿಟ್ಟರು ಎಂದು ಅವನು ತಿಳಿದಿದ್ದ.

ವೆಂಡಿ ದಿಂಬಿಗೊರಗಿ ಕೇಳುತ್ತಿದ್ದರು. "ನಾನು ಇನ್ನೊಬ್ಬರ ದೇಶದಲ್ಲಿ ಗೋಳಾಗಬಾರದು ಅಂದುಕೊಂಡೆ," ಎಂದರು. "ಅದು ಇಂಗ್ಲೆಂಡಿನ ಗುಣವೋ ಏನೋ ಗೊತ್ತಿಲ್ಲ. ನನ್ನ ಅಣ್ಣ ಹಲ್ಲುನೋವು ಬಂದರೆ ಇಡೀ ಬೀದಿ ಎಬ್ಬಿಸುತ್ತಾನೆ."

ಅವರಿಬ್ಬರೂ ಹೈದರಾಬಾದಿನಿಂದ ವಿಮಾನ ಹತ್ತಿದ ಮೇಲೆ ವಾಡಿಯ ಚಹಾದಂಗಡಿಯಲ್ಲಿ ಮಂದಿ ಅವನನ್ನು ಸುತ್ತುಗಟ್ಟಿದರು. "ಹೇಳಪ್ಪ ಕೇಬಲ್, ಗೋರಾ ಮಂದಿ ಹ್ಯಾಂಗಿರ್ತಾರ?" ಎಂದರು. ಅವನು ಚಹಾ ಊದುತ್ತ, "ಯಾರ ಬಗ್ಗಿ ಕೇಳಾಕತ್ತೀರಿ? ಹೆಸರು ಹೇಳ್ರಿ. ಅವರನ್ನ ನಾ ನೋಡಿದ್ದರ ಹೇಳ್ತೀನಿ," ಎಂದ. ಮಜಾ ಸಿಗದೆ ಅವರು ಬೇರೆ ಮಾತಿಗೆ ಹೊರಳಿದರು.

ನೀರಿಳಿದ ಮೇಲೆ ಅವನು ಹೊಲದ ಮನೆಗೆ ಹೋದ. ಸಾಬಮ್ಮ ಎಮ್ಮೆಗೆ ಮೇವು ಹಾಕುತ್ತಿದ್ದವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಆ ಹೆಣ್ಮಗಳು ಉಳದಳೇನೋ?" ಎಂದು ಕೇಳಿ, ಉಳಿದರೆಂದು ತಿಳಿದು ಆಕಾಶಕ್ಕೆ ಕೈ ಮುಗಿದಳು.

ಉದಯಕುಮಾರ ಕಾರಿನ ಬಾಗಿಲು ತೆರೆದು ಹಿಡಿದ. "ಹತ್ತು. ಚಿತ್ತಾಪುರಕ್ಕ ಹೋಗಾಣು. ಡಾಕ್ಟರ್‌ಗ ತೋರಸ್ತೀನಿ."

"ನನಗೇನಾಗ್ಯಾದೋ! ಗಟ್ಟಿಮುಟ್ಟ ಅದೀನಿ."

"ಇರುವಿ ಕಡದಾದೇನು?"

ಅವಳು ಬೈದಳು, ಎಮ್ಮೆಯ ನೆಪ ಹೇಳಿದಳು, ಸೀರೆ ಮಾಸಿದೆ ಅಂದಳು. ಮಗ ಬಾಗಿಲು ಬಿಡಲಿಲ್ಲ. ಕೊನೆಗೆ ಗೊಣಗುತ್ತ ಹತ್ತಿ ಕೂತಳು. ಡಾಕ್ಟರು ಬಿಪಿ ನೋಡಿ, ಇಷ್ಟು ದಿನ ತಲೆ ತಿರುಗಲಿಲ್ಲವೇ ಎಂದು ಕೇಳಿದಾಗ, "ಒಂದೀಟು ತಿರುಗತಿತ್ರಿ, ಕಂಬ ಹಿಡ್ಕೊಂಡ್ರ ನಿಲ್ತಿತ್ತು," ಎಂದಳು. ಅಂದಿನಿಂದ ದಿನಾ ಗುಳಿಗೆ ತಪ್ಪದೆ ನುಂಗುತ್ತಾಳೆ. ಆದರೆ ಒಲೆಯ ಕಡೆ ತಿರುಗಿ, ಸೆರಗು ಮರೆ ಮಾಡಿಕೊಂಡು ನುಂಗುತ್ತಾಳೆ, ಯಾರಾದರೂ ಕಂಡು ಏನಾಗಿದೆ ಎಂದು ಕೇಳಿಯಾರು ಎಂದು.